ಎರಡನೇ ಹಂತಕ್ಕೂ ದಾರಿ ಬಿಡಿ: ಶಿಕಾರಿಪುರ–ಸೊರಬದ ಶಾಲೆಗಳ ಮಾದರಿ ರಾಕೆಟ್ ಹಕ್ಕೊತ್ತಾಯ ಪತ್ರ

ಇವರಿಗೆ: ಜಿಲ್ಲಾಧಿಕಾರಿಗಳು, ಶಿವಮೊಗ್ಗ, ಉಪವಿಭಾಗಾಧಿಕಾರಿಗಳು, ಸಾಗರ, ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು, ಶಿವಮೊಗ್ಗ, ಶಿಕಾರಿಪುರ ಮತ್ತು ಸೊರಬದ ತಹಶೀಲ್ದಾರರು ಹಾಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳು.

ಇವರಿಂದ: ಎರಡೂ ತಾಲ್ಲೂಕುಗಳ ಪ್ರೌಢಶಾಲಾ ವಿಜ್ಞಾನ ಶಿಕ್ಷಕರು, ವಿದ್ಯಾರ್ಥಿಗಳು, ಪೋಷಕರು.

ಮಾನ್ಯರೇ,

ನಮ್ಮ ಜಿಲ್ಲೆಗೆ ರಾಕೆಟ್ಟು ಹೊಸದಲ್ಲ. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯವರು ಹಾಳುಬಾವಿಯೊಂದರ ಕೆಸರು ಎತ್ತಿಸಿದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ಸಿಕ್ಕವು. ಹೆಚ್ಚುಕಡಿಮೆ ಗೇಣುದ್ದದ, ತುಕ್ಕು ತಿಂದ, ಹೈದರ್–ಟಿಪ್ಪು ಕಾಲದ ಬಾಣಗಳು ಅವು. ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಥವನ್ನೇ ಇಂಗ್ಲೆಂಡಿಗೆ ಒಯ್ದರು. ವಿಲಿಯಂ ಕಾಂಗ್ರೀವ್ ಅವುಗಳನ್ನು ನೋಡಿ ತನ್ನ ರಾಕೆಟ್ ಕಟ್ಟಿದ.

ಇಷ್ಟು ಹಳೆಯ ನಂಟಿರುವ ಜಿಲ್ಲೆಯ ಒಂಬತ್ತನೇ ತರಗತಿಯ ಹುಡುಗ ಹುಡುಗಿಯರಿಗೆ ಇವತ್ತು ರಾಕೆಟ್ ಸಿಗುವ ಜಾಗ ಒಂದೇ, ದೀಪಾವಳಿಯ ಪಟಾಕಿ ಅಂಗಡಿ. ಎರಡು ಪಟಾಕಿ ರಾಕೆಟ್ಟುಗಳನ್ನು ಒಂದರ ಮೇಲೊಂದು ದಾರದಲ್ಲಿ ಬಿಗಿದು ‘ಪಿಎಸ್‌ಎಲ್‌ವಿ’ ಎಂದು ಹೆಸರಿಟ್ಟು ಬತ್ತಿ ಹಚ್ಚುವವರು ನಮ್ಮ ಊರುಗಳಲ್ಲಿ ಇದ್ದಾರೆ. ಅವರ ಆಸೆ ಸರಿ, ಸಾಮಾನು ತಪ್ಪು. ಆಸೆಯನ್ನು ಗದರಿಸಿ ಸುಮ್ಮನಾಗಿಸುವ ಬದಲು ಸಾಮಾನನ್ನು ಬದಲಿಸಿಕೊಡಿ ಎಂದು ಕೇಳುವುದಕ್ಕೆ ಈ ಪತ್ರ.

ಮಕ್ಕಳಿಗೆ ಒಂದು ಹಂತದ ರಾಕೆಟ್ ಸಾಲದೇ ಎಂದು ಕೇಳುವವರಿದ್ದಾರೆ. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಹಾರಿದ ಮೊದಲ ರಾಕೆಟ್ ನೈಕಿ–ಅಪಾಚಿಯೇ ಎರಡು ಹಂತದ್ದು. 1980ರ ಜುಲೈ 18ರಂದು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಮುಟ್ಟಿಸಿದ ಎಸ್‌ಎಲ್‌ವಿ–3ಕ್ಕೆ ನಾಲ್ಕು ಹಂತ. ಉರಿದು ಖಾಲಿಯಾದ ಕೊಳವೆಯನ್ನು ಹೊತ್ತುಕೊಂಡೇ ಹೋದರೆ ಎತ್ತರ ಸಿಗುವುದಿಲ್ಲ, ಅದನ್ನು ಕಳಚಬೇಕು. ಕಳಚುವ ಹೊತ್ತಿಗೆ ಸರಿಯಾಗಿ ಮೇಲಿನದು ಹೊತ್ತಿಕೊಳ್ಳಬೇಕು. ಈ ಎರಡು ಮಾತನ್ನು ಪುಸ್ತಕದ ಚಿತ್ರದಲ್ಲಿ ನೋಡಿದವರಿಗೂ ಕೈಯಾರೆ ಮಾಡಿದವರಿಗೂ ಇರುವ ಅಂತರ ವಿಜ್ಞಾನ ಪಾಠ ಮಾಡುವ ಯಾರಿಗೂ ಗೊತ್ತು. ನಮ್ಮ ಒತ್ತಾಯಗಳು ಇವು.

1. ನಿಯಮವನ್ನು ಬರವಣಿಗೆಯಲ್ಲಿ ಕೊಡಿ.

ಮದ್ದು ತಯಾರಿಸುವುದು, ಇಡುವುದು, ಸಾಗಿಸುವುದು, ಮಾರುವುದು 1884ರ ಸ್ಫೋಟಕಗಳ ಕಾಯ್ದೆ ಮತ್ತು 2008ರ ಸ್ಫೋಟಕಗಳ ನಿಯಮಗಳಡಿ ಬರುತ್ತದೆ. ಅದನ್ನು ನೋಡಿಕೊಳ್ಳುವ ಪೆಸೊ ಸಂಸ್ಥೆಯ ಕೇಂದ್ರ ಕಚೇರಿ ನಾಗಪುರದಲ್ಲಿದೆ. ಒಂದು ಪ್ರೌಢಶಾಲೆ ಬೆರಳುದ್ದದ, ಕಾಗದದ ಕೊಳವೆಯ ಹತ್ತಿಪ್ಪತ್ತು ಮಾದರಿ ರಾಕೆಟ್ ಮೋಟಾರುಗಳನ್ನು ಬೀಗ ಹಾಕಿ ಇಟ್ಟುಕೊಳ್ಳಲು ಯಾವ ಪರವಾನಗಿ ಬೇಕು, ಯಾವ ನಮೂನೆಯಲ್ಲಿ, ಯಾರ ಸಹಿಯಲ್ಲಿ? ಜಿಲ್ಲಾಡಳಿತ ಪೆಸೊಗೆ ಬರೆದು, ಬಂದ ಉತ್ತರವನ್ನು ಕನ್ನಡದಲ್ಲಿ ಒಂದು ಸುತ್ತೋಲೆಯಾಗಿ ಎಲ್ಲ ಶಾಲೆಗಳಿಗೆ ಕಳಿಸಲಿ. ಶಿಕ್ಷಣ ಇಲಾಖೆಯಲ್ಲಿ ಕೇಳಿದರೆ ಪೊಲೀಸ್ ಠಾಣೆ ಎನ್ನುವುದು, ಠಾಣೆಯಲ್ಲಿ ಕೇಳಿದರೆ ತಾಲ್ಲೂಕು ಕಚೇರಿ ಎನ್ನುವುದು, ಅಲ್ಲಿ ಕೇಳಿದರೆ ‘ಮಕ್ಕಳಿಗೆ ಇದೆಲ್ಲ ಯಾಕ್ರೀ’ ಎನ್ನುವುದು ನಿಯಮವಾಗುವುದಿಲ್ಲ.

2. ಮಕ್ಕಳು ಮದ್ದು ಅರೆಯದ ಹಾಗೆ ಮಾಡಿ. ಅದಕ್ಕೆ ಪರೀಕ್ಷೆಯಾದ ಮೋಟಾರು ಒದಗಿಸಿ.

ಇದು ನಮ್ಮ ಮುಖ್ಯ ಬೇಡಿಕೆ. ಮಾದರಿ ರಾಕೆಟ್ ಹವ್ಯಾಸ ಹುಟ್ಟಿದ್ದೇ ಈ ಕಾರಣಕ್ಕೆ. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿದ ಮೇಲೆ ಅಮೆರಿಕದ ಹುಡುಗರು ಕಬ್ಬಿಣದ ಪೈಪಿಗೆ ಕಂಡಕಂಡ ರಾಸಾಯನಿಕ ತುಂಬಿ ಕೈ ಕಣ್ಣು ಕಳೆದುಕೊಳ್ಳತೊಡಗಿದರು. ನೆಬ್ರಾಸ್ಕದ ನಾರ್ಫೋಕ್ ಎಂಬ ಊರಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್ ಅಷ್ಟರಲ್ಲಿ ಕಾಗದದ ರಾಕೆಟ್ ಮಾಡಿ, ಅದಕ್ಕೆ ಒಮ್ಮೆ ಬಳಸಿ ಬದಲಿಸುವ ಮೋಟಾರು ಕೂರಿಸಿದ್ದ. ಅದನ್ನು ಕ್ಷಿಪಣಿ ಎಂಜಿನಿಯರ್ ಹ್ಯಾರಿ ಸ್ಟೈನ್‌ಗೆ ಕಳಿಸಿಯೂ ಇದ್ದ. ರಾಕೆಟ್ಟನ್ನು ಮಗು ಕಟ್ಟಲಿ, ಮೋಟಾರನ್ನು ಕಾರ್ಖಾನೆ ಕಟ್ಟಲಿ ಎಂಬ ಹಂಚಿಕೆ ಅಲ್ಲಿಂದ ಬಂತು. ನಾವು ಕೇಳುತ್ತಿರುವುದೂ ಅಷ್ಟೇ.

ಪಟಾಕಿ ರಾಕೆಟ್ ಈ ಕೆಲಸಕ್ಕೆ ಆಗುವುದಿಲ್ಲ. ಅದರ ತಲೆಯಲ್ಲಿ ಸಿಡಿಯುವ ಮದ್ದಿರುತ್ತದೆ, ಒಂದು ಉರಿದಷ್ಟು ಹೊತ್ತು ಇನ್ನೊಂದು ಉರಿಯುವುದಿಲ್ಲ, ಬಾಲದ ಕಡ್ಡಿ ಬಿಟ್ಟರೆ ದಿಕ್ಕು ಹಿಡಿಯಲು ಬೇರೇನೂ ಇಲ್ಲ. ಮಾದರಿ ಮೋಟಾರಿನ ಮೇಲೆ ಸಿ6–7 ಎಂಬಂಥ ಗುರುತು ಇರುತ್ತದೆ. ಅಕ್ಷರ ಒಟ್ಟು ತಳ್ಳುಬಲವನ್ನು ಹೇಳುತ್ತದೆ: ಎ ಎಂದರೆ 2.5 ನ್ಯೂಟನ್–ಸೆಕೆಂಡಿನವರೆಗೆ, ಬಿ 5, ಸಿ 10, ಡಿ 20. ಪ್ರತಿ ಅಕ್ಷರಕ್ಕೂ ದುಪ್ಪಟ್ಟು. ನಡುವಿನ ಅಂಕಿ ಸರಾಸರಿ ನೂಕು, ನ್ಯೂಟನ್‌ಗಳಲ್ಲಿ. ಕೊನೆಯದು ಉರಿ ನಿಂತ ಮೇಲೆ ಪ್ಯಾರಾಚೂಟ್ ಹೊರಬೀಳುವವರೆಗಿನ ಸೆಕೆಂಡುಗಳು. ಎರಡು ಹಂತದ ಗುಟ್ಟೆಲ್ಲ ಈ ಕೊನೆಯ ಅಂಕಿಯಲ್ಲಿದೆ. ಕೆಳಗಿನ ಬೂಸ್ಟರಿಗೆ ಬಿ6–0, ಸಿ6–0 ರೀತಿಯ ಸೊನ್ನೆಯ ಮೋಟಾರೇ ಬೇಕು. ಅದರಲ್ಲಿ ತಡಮಾಡುವ ಮದ್ದೇ ಇರುವುದಿಲ್ಲ. ಉರಿ ತುದಿ ಮುಟ್ಟಿದ ಕೂಡಲೇ ಕೆಂಡದ ಕಣಗಳು ಮುಂದಕ್ಕೆ ಚಿಮ್ಮಿ ಮೇಲಿನ ಮೋಟಾರಿನ ಬಾಯಿಗೆ ನುಗ್ಗಿ ಅದನ್ನು ಹೊತ್ತಿಸುತ್ತವೆ. ಮೇಲಿನದಕ್ಕೆ 6, 7ರಂಥ ದೊಡ್ಡ ಅಂಕಿ ಬೇಕು, ಯಾಕೆಂದರೆ ಅದು ಆಗಲೇ ಓಡುತ್ತಿದ್ದಾಗ ಹೊತ್ತಿಕೊಂಡದ್ದು, ಉರಿ ಆರಿದ ಮೇಲೂ ಬಹಳ ದೂರ ಏರುತ್ತದೆ. ಎರಡನ್ನು ಅದಲುಬದಲು ಮಾಡಿದರೆ ಕೆಳಗಿನದು ಆರಿ ಬೀಳುವ ಹೊತ್ತಿಗೆ ಮೇಲಿನದು ನೆಲದ ಕಡೆ ಮುಖ ಮಾಡಿ ಹೊತ್ತಿಕೊಳ್ಳಬಹುದು.

ಈ ಅಂಕಿಗಳು ನಂಬುವಂತಿರಬೇಕಾದರೆ ಮೋಟಾರು ಪರೀಕ್ಷೆಯಾಗಿರಬೇಕು. ಶಿವಕಾಶಿಯಲ್ಲಿ ಕಾಗದದ ಕೊಳವೆಗೆ ಮದ್ದು ತುಂಬುವ ಪರವಾನಗಿಯ ಕಾರ್ಖಾನೆಗಳಿವೆ, ನುರಿತ ಕೈಗಳಿವೆ. ಒಂದೇ ತೆರನಾಗಿ ಉರಿಯುವ, ಗುರುತು ಹಾಕಿದ, ತಂಡತಂಡವಾಗಿ ಪರೀಕ್ಷಿಸಿದ ಸಣ್ಣ ಮೋಟಾರುಗಳನ್ನು ಅಲ್ಲಿಂದಲೋ ಬಾಹ್ಯಾಕಾಶ ನವೋದ್ಯಮಗಳಿಂದಲೋ ಮಾಡಿಸಿ ಶಾಲೆಗಳಿಗೆ ಕೊಡಿಸುವಂತೆ ರಾಜ್ಯ ಸರ್ಕಾರ ಇನ್‌–ಸ್ಪೇಸ್ ಸಂಸ್ಥೆಯನ್ನು ಕೇಳಲಿ. ಅದೇ ಸಂಸ್ಥೆ ಕಾಲೇಜು ವಿದ್ಯಾರ್ಥಿಗಳ ಮಾದರಿ ರಾಕೆಟ್ ಸ್ಪರ್ಧೆಯನ್ನು 2025ರಲ್ಲಿ ಉತ್ತರ ಪ್ರದೇಶದ ಕುಶಿನಗರ ಜಿಲ್ಲೆಯಲ್ಲಿ ನಡೆಸಿತು. ಕುಶಿನಗರದ ಬಯಲಿನಲ್ಲಿ ಆಗುವುದು ನಮ್ಮ ಸೊರಬ ತಾಲ್ಲೂಕಿನ ಆನವಟ್ಟಿಯ ಬಯಲಿನಲ್ಲಿ ಆಗದೆ?

3. ಮೊದಲ ಮೆಟ್ಟಿಲಿಗೆ ಮದ್ದೇ ಬೇಡ.

ಪಾನೀಯದ ಪ್ಲಾಸ್ಟಿಕ್ ಬಾಟಲಿ, ಮೂರನೇ ಒಂದು ಭಾಗ ನೀರು, ಒತ್ತಡ ತೋರಿಸುವ ಸೈಕಲ್ ಪಂಪು. ಎಂಟನೇ ತರಗತಿಯವರು ಇದರಿಂದ ಶುರು ಮಾಡಲಿ. ಆಮೇಲೆ ಎ ಮತ್ತು ಬಿ ಮೋಟಾರಿನ ಒಂದು ಹಂತದ ರಾಕೆಟ್. ಹಾರಿಸಿದ್ದನ್ನು ಪ್ಯಾರಾಚೂಟ್ ಬಿಚ್ಚಿಸಿ, ಮುರಿಯದೆ ನೆಲಕ್ಕಿಳಿಸಿ, ಅದೇ ರಾಕೆಟ್ಟನ್ನು ಮತ್ತೆ ಹಾರಿಸಿ ತೋರಿಸಿದ ತಂಡಕ್ಕೆ ಮಾತ್ರ ಎರಡು ಹಂತದ ಕೆಲಸ. ಈ ಕ್ರಮವನ್ನು ಇಲಾಖೆಯೇ ಆದೇಶವಾಗಿ ಹೊರಡಿಸಲಿ. ಉತ್ಸಾಹಿ ಮೇಷ್ಟ್ರುಗಳೇ ಮೆಟ್ಟಿಲು ಹಾರುವ ಸಂಭವ ಹೆಚ್ಚು. ನಾವೂ ಮೇಷ್ಟ್ರುಗಳೇ, ಹಾಗಾಗಿ ಧೈರ್ಯವಾಗಿ ಹೇಳುತ್ತಿದ್ದೇವೆ.

4. ಬಯಲು ಗುರುತಿಸಿ ಕೊಡಿ.

ಅಮೆರಿಕದ ರಾಷ್ಟ್ರೀಯ ರಾಕೆಟ್ ಸಂಘದ ಸುರಕ್ಷತಾ ಸಂಹಿತೆ ಇಂಥ ಹಾರಾಟಕ್ಕೆ ಬೇಕಾದ ಬಯಲಿನ ಅಳತೆ ಹೇಳುತ್ತದೆ. ಒಂದು ಸಿ ಮೋಟಾರಿಗೆ ಪ್ರತಿ ಬದಿ ಸುಮಾರು 120 ಮೀಟರ್. ಎರಡು ಹಂತದಲ್ಲಿ ಎರಡು ಸಿ ಇದ್ದರೆ ಒಟ್ಟು ಬಲ ಡಿ ಲೆಕ್ಕಕ್ಕೆ ಹೋಗುತ್ತದೆ, ಆಗ 150 ಮೀಟರ್. ಅದು ಕನಿಷ್ಠ. ನಾವು 300 ಮೀಟರ್ ಕೇಳುತ್ತೇವೆ. ಎತ್ತರ ಹೆಚ್ಚಿದಷ್ಟೂ ಪ್ಯಾರಾಚೂಟ್ ಗಾಳಿಯ ಜೊತೆ ದೂರ ಹೋಗುತ್ತದೆ.

ನಮ್ಮ ಎರಡು ತಾಲ್ಲೂಕುಗಳ ನೆಲ ಒಂದೇ ರೀತಿ ಇಲ್ಲ. ಸೊರಬದಲ್ಲಿ ಗದ್ದೆಯ ಬಯಲಿನ ಅಂಚಿಗೇ ಕಾನು ಬರುತ್ತದೆ, ಕಾನಿನ ಪಕ್ಕ ಅಡಿಕೆ ತೋಟ. ಅಡಿಕೆ ಮರದ ತುದಿಗೆ ಸಿಕ್ಕಿಕೊಂಡ ರಾಕೆಟ್ಟಿಗಾಗಿ ಮಕ್ಕಳು ಮರ ಹತ್ತುವುದು ನಮಗೆ ರಾಕೆಟ್ಟಿಗಿಂತ ಭಯದ ವಿಷಯ. ಶಿಕಾರಿಪುರದ ಕಡೆ ಮೆಕ್ಕೆಜೋಳದ ಹೊಲಗಳು ವಿಶಾಲವಾಗಿವೆ, ಆದರೆ ಮೇಲೆ ವಿದ್ಯುತ್ ತಂತಿ, ಕೆಳಗೆ ಒಣ ಕೂಳೆ. ಶಾಲೆಯ ಆಟದ ಮೈದಾನ ಒಂದು ಹಂತದ ಸಣ್ಣ ರಾಕೆಟ್ಟಿಗೆ ಸಾಕು, ಎರಡಕ್ಕೆ ಸಾಲದು. ಆದ್ದರಿಂದ ಎರಡೂ ತಾಲ್ಲೂಕಿನವರಿಗೆ ಹತ್ತಿರವಾಗುವಂತೆ ಶಿರಾಳಕೊಪ್ಪದ ಆಸುಪಾಸಿನಲ್ಲಿ ಒಂದು ಗೋಮಾಳವನ್ನೋ ಬ್ಯಾಣವನ್ನೋ ವರ್ಷದಲ್ಲಿ ಕೆಲವು ದಿನಗಳ ಮಟ್ಟಿಗೆ ಈ ಕೆಲಸಕ್ಕೆ ಗುರುತಿಸಿ. ಬೇಲಿ ಬೇಡ, ಫಲಕ ಬೇಡ, ಜಾಗದ ಹಕ್ಕೂ ಬೇಡ. ದನ ಮೇಯಿಸುವವರಿಗೆ ಹಿಂದಿನ ದಿನ ಡಂಗುರ ಹೊಡೆಸಿದರೆ ಸಾಕು.

5. ಕಾಲವನ್ನೂ ಆದೇಶದಲ್ಲೇ ಬರೆಯಿರಿ.

ಫೆಬ್ರವರಿಯಿಂದ ಮೇವರೆಗೆ ಬೇಡವೇ ಬೇಡ. ಕಾಡಿಗೆ ಕಿಚ್ಚು ಬೀಳುವ ಕಾಲ, ಕಣದಲ್ಲಿ ಹುಲ್ಲಿನ ಬಣವೆ ಇರುವ ಕಾಲ. ಕಳಚಿ ಬೀಳುವ ಬೂಸ್ಟರಿಗೆ ಪ್ಯಾರಾಚೂಟ್ ಇರುವುದಿಲ್ಲ. ಮಗುಚುತ್ತ ಮಗುಚುತ್ತ ಹತ್ತಿರದಲ್ಲೇ ಬೀಳುತ್ತದೆ, ಬಿದ್ದಾಗ ಒಳಗೆ ಇನ್ನೂ ಬಿಸಿ ಇರುತ್ತದೆ. ಮಳೆ ಹಿಂದೆಗೆದು ಹುಲ್ಲು ಹಸಿರಾಗಿಯೇ ಇರುವ ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗಿನ ಬೆಳಗಿನ ಹೊತ್ತು ಒಳ್ಳೆಯದು. ದೀಪಾವಳಿ ಮುಗಿದ ಮೇಲೆ ಹೋರಿ ಬೆದರಿಸುವ ಹಬ್ಬ ಊರೂರಿಗೆ ಬರುತ್ತದೆ. ಆ ದಿನ ಆ ಊರಿನ ಸುತ್ತ ಹಾರಾಟ ಇಲ್ಲ. ಕೊಬ್ಬರಿ ಹಾರ ಹೊತ್ತು ಓಡುವ ಹೋರಿಗೆ ನಮ್ಮ ಕಡೆಯಿಂದ ಇನ್ನಷ್ಟು ಬೆದರಿಕೆ ಬೇಕಾಗಿಲ್ಲ.

6. ಅಗ್ನಿಶಾಮಕ ಠಾಣೆಯಿಂದ ಒಬ್ಬರು ಬರಲಿ. ವಾಹನ ಬರದಿದ್ದರೂ ನಡೆಯುತ್ತದೆ. ನೀರಿನ ಡ್ರಮ್ಮು, ಒದ್ದೆ ಗೋಣಿಚೀಲಗಳನ್ನು ನಾವೇ ಇಡುತ್ತೇವೆ.

7. ಎರಡು ಹಂತದ ಪ್ರತಿ ರಾಕೆಟ್ಟಿಗೂ ತಪಾಸಣೆ ಇರಲಿ, ತಪಾಸಕರಿಗೆ ‘ಬೇಡ’ ಎನ್ನುವ ಅಧಿಕಾರ ಇರಲಿ.

ಒಂದು ಹಂತದ ರಾಕೆಟ್ ಕೆಟ್ಟರೆ ಬಹುತೇಕ ಅಲ್ಲೇ ಬೀಳುತ್ತದೆ. ಎರಡು ಹಂತದ್ದು ಕೆಟ್ಟರೆ ಅಡ್ಡಬಿದ್ದ ಮೇಲೆ ಎರಡನೇ ಮೋಟಾರು ಹೊತ್ತಿಕೊಂಡು ಜನರ ಕಡೆ ಬರಬಹುದು. ಆದ್ದರಿಂದ ನೋಡಬೇಕಾದ್ದು ಬೇರೆ.

ಮೊದಲು ತೂಕದ ಹಂಚಿಕೆ. ರಾಕೆಟ್ ನೆಟ್ಟಗೆ ಹಾರಬೇಕಾದರೆ ಅದರ ಗುರುತ್ವ ಕೇಂದ್ರ ಗಾಳಿಯ ಒತ್ತಡ ಕೇಂದ್ರಕ್ಕಿಂತ ಕನಿಷ್ಠ ಕೊಳವೆಯ ಒಂದು ವ್ಯಾಸದಷ್ಟು ಮುಂದಿರಬೇಕು. ಬಾಲಕ್ಕೆ ಇನ್ನೊಂದು ಮೋಟಾರು ಸೇರಿಸಿದರೆ ಭಾರ ಹಿಂದೆ ಸರಿಯುತ್ತದೆ. ಹಿಂದೆ ಹೇರು ಹೆಚ್ಚಾದ ಎತ್ತಿನಗಾಡಿ ನೊಗ ಎತ್ತುವ ಹಾಗೆ ಇದೂ ಮೂತಿ ಎತ್ತಿ ಪಲ್ಟಿ ಹೊಡೆಯುತ್ತದೆ. ಅದಕ್ಕೇ ಬೂಸ್ಟರಿನ ರೆಕ್ಕೆ ಮೇಲಿನದಕ್ಕಿಂತ ದೊಡ್ಡದಿರಬೇಕು. ಎರಡೂ ಸೇರಿದ್ದಾಗ ಒಮ್ಮೆ, ಮೇಲಿನದೊಂದೇ ಇದ್ದಾಗ ಒಮ್ಮೆ, ಮೋಟಾರು ಕೂರಿಸಿಯೇ ನೋಡಬೇಕು. ಸಮತೋಲದ ಜಾಗಕ್ಕೆ ದಾರ ಕಟ್ಟಿ ತಲೆಯ ಸುತ್ತ ಬೀಸಿದರೆ ಮೂತಿ ಮುಂದಾಗಿ ತಿರುಗುತ್ತದೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಓಪನ್‌ರಾಕೆಟ್ ಎಂಬ ಉಚಿತ ತಂತ್ರಾಂಶದಲ್ಲಿ ಅದೇ ಲೆಕ್ಕವನ್ನು ಪರದೆಯ ಮೇಲೂ ಮಾಡಬಹುದು. ಶಾಲೆಯ ಕಂಪ್ಯೂಟರುಗಳಿಗೆ ಅದನ್ನು ಹಾಕಿಸಿಕೊಡಿ.

ಆಮೇಲೆ ನೂಕು. ನೆಲ ಬಿಡುವಾಗ ತೂಕದ ಐದು ಪಟ್ಟು ನೂಕು ಇರಬೇಕು. ಸರಾಸರಿ 6 ನ್ಯೂಟನ್ ಕೊಡುವ ಮೋಟಾರಿನ ಮೇಲೆ 120 ಗ್ರಾಮ್ ಮೀರಿದ ರಾಕೆಟ್ ಕೂರಿಸುವಂತಿಲ್ಲ. ಭಾರದ ರಾಕೆಟ್ ಉಡಾವಣಾ ಕಡ್ಡಿಯಿಂದ ಮೆಲ್ಲಗೆ ಬಿಟ್ಟುಕೊಂಡರೆ ಗಾಳಿಯತ್ತ ಬಾಗುತ್ತದೆ, ಎರಡನೇ ಮೋಟಾರು ಆ ಬಾಗಿದ ದಿಕ್ಕಿಗೇ ಓಡಿಸುತ್ತದೆ. ಮೇಲೆ ಹೇಳಿದ ಸುರಕ್ಷತಾ ಸಂಹಿತೆಯಲ್ಲಿ ಗಾಳಿಯ ಮಿತಿ ಗಂಟೆಗೆ 32 ಕಿಲೋಮೀಟರ್. ಎರಡು ಹಂತಕ್ಕೆ ನಾವೇ ಅದನ್ನು ಅರ್ಧಕ್ಕೆ ಇಳಿಸಿಕೊಳ್ಳುತ್ತೇವೆ.

ಕೊನೆಗೆ ಜೋಡಣೆ. ಎರಡು ಮೋಟಾರುಗಳ ನಡುವೆ ಸಂದಿಲ್ಲದಂತೆ ಒತ್ತಿ, ಸೆಲ್ಲೋ ಟೇಪನ್ನು ಒಂದೇ ಸುತ್ತು ಸುತ್ತುವುದು ವಾಡಿಕೆ. ಟೇಪಿಲ್ಲದಿದ್ದರೆ ಬಿಸಿಗಾಳಿಯ ಒತ್ತಡ ಮೇಲಿನದು ಹೊತ್ತುವ ಮೊದಲೇ ಎರಡನ್ನೂ ದೂಡಿಬಿಡಬಹುದು. ಹೆಚ್ಚು ಸುತ್ತಿದರೆ ಕಳಚುವುದೇ ಇಲ್ಲ. ಹೊತ್ತಿಕೊಳ್ಳದೆ ಹೋಗುವ ಪೇಚು ಮಕ್ಕಳದ್ದಷ್ಟೇ ಅಲ್ಲ. 1987ರ ಮಾರ್ಚ್ 24ರಂದು ಇಸ್ರೋದ ಮೊದಲ ಎಎಸ್‌ಎಲ್‌ವಿ ಬಿದ್ದದ್ದು ಪಕ್ಕದ ಬೂಸ್ಟರುಗಳು ಉರಿದು ಮುಗಿದ ಮೇಲೆ ಮುಂದಿನ ಮೋಟಾರು ಹೊತ್ತಿಕೊಳ್ಳದೆ.

8. ಲೋಹ ಬೇಡ.

ನಗರದ ಬಾವಿಯಲ್ಲಿ ಸಿಕ್ಕ ಬಾಣಗಳ ಬಲ ಇದ್ದದ್ದೇ ಕಬ್ಬಿಣದ ಕೊಳವೆಯಲ್ಲಿ. ಬಿದಿರು, ಕಾಗದಕ್ಕಿಂತ ಹೆಚ್ಚಿನ ಒತ್ತಡವನ್ನು ಅದು ತಡೆಯುತ್ತಿತ್ತು. ಅವು ಯುದ್ಧಕ್ಕೆ ಮಾಡಿದವು. ನಮ್ಮ ರಾಕೆಟ್ಟಿನ ಕೊಳವೆ ಕಾಗದದ್ದು, ರೆಕ್ಕೆ ಹಗುರ ಮರದ್ದು ಅಥವಾ ರಟ್ಟಿನದು, ಮೂತಿ ಪ್ಲಾಸ್ಟಿಕ್ಕಿನದು. ಸಿಡಿದರೂ ಚೂರು ಮೈಗೆ ನಾಟಬಾರದು.

9. ಉಡಾವಣಾ ಪೆಟ್ಟಿಗೆ ಕೊಡಿ.

ಬೆಂಕಿಕಡ್ಡಿ, ಊದಿನಕಡ್ಡಿ, ಬತ್ತಿ ಯಾವುದೂ ಇಲ್ಲ. ಬ್ಯಾಟರಿ, ತಂತಿ, ತೆಗೆದಿಡಬಹುದಾದ ಕೀಲಿ, ಬೆರಳೆತ್ತಿದರೆ ತಾನೇ ಆಫ್ ಆಗುವ ಗುಂಡಿ ಇಷ್ಟಿದ್ದರೆ ಆಯಿತು. ಎರಡೂ ತಾಲ್ಲೂಕುಗಳ ಐಟಿಐ ವಿದ್ಯಾರ್ಥಿಗಳು ಇದನ್ನು ಮಾಡಬಲ್ಲರು, ಟೆಂಡರ್ ಕರೆಯಬೇಡಿ. ಹಾರಿಸುವವರು 9 ಮೀಟರ್ ದೂರ, ನೋಡುವವರು ಇನ್ನೂ ಹಿಂದೆ. ಗುಂಡಿ ಒತ್ತಿಯೂ ಹೊತ್ತದಿದ್ದರೆ ಕೀಲಿ ತೆಗೆದು, ಒಂದು ನಿಮಿಷ ಯಾರೂ ಹತ್ತಿರ ಹೋಗುವಂತಿಲ್ಲ.

10. ವಿಮಾನ ನಿಲ್ದಾಣದ ಜೊತೆ ಮಾತಾಡಿ.

ಶಿವಮೊಗ್ಗದ ಸೋಗಾನೆಯ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿದೆ. ಎರಡು ಹಂತದ ಸಣ್ಣ ರಾಕೆಟ್ಟೂ 300 ಮೀಟರ್ ಎತ್ತರ ದಾಟಬಲ್ಲದು. ಹಾರಾಟದ ದಿನ, ಗಂಟೆ, ಜಾಗ, ಎತ್ತರವನ್ನು ಯಾರಿಗೆ ಎಷ್ಟು ದಿನ ಮುಂಚೆ ತಿಳಿಸಬೇಕು ಎಂಬ ಒಂದು ಪುಟದ ವಿಧಾನ ಬೇಕು.

11. ಗುಡವಿ ಪಕ್ಷಿಧಾಮದ ಸುತ್ತ 5 ಕಿಲೋಮೀಟರ್ ಒಳಗೆ ಯಾವ ಕಾಲದಲ್ಲೂ ಹಾರಿಸುವುದಿಲ್ಲ ಎಂಬ ಷರತ್ತನ್ನು ನಮ್ಮ ಮೇಲೆ ಹಾಕಿ.

12. ಶಿಕ್ಷಕರಿಗೆ ತರಬೇತಿ, ಕನ್ನಡದಲ್ಲಿ ಕೈಪಿಡಿ.

ಇಸ್ರೋ 2019ರಿಂದ ಒಂಬತ್ತನೇ ತರಗತಿಯವರಿಗೆ ಯುವಿಕಾ ಎಂಬ ತರಬೇತಿ ನಡೆಸುತ್ತಿದೆ. ಅದಕ್ಕೆ ಆಯ್ಕೆಯಾಗಿ ಹೋಗುವವರು ಬೆರಳೆಣಿಕೆ. ಉಳಿದವರಿಗೆ ಕಲಿಸಬೇಕಾದವರು ಊರಿನ ಮೇಷ್ಟ್ರು, ಮೇಡಂಗಳು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಕೈಪಿಡಿ ಬರೆಸಲಿ. ಮೋಟಾರು ಇಡುವ ಬಗೆಯೂ ಅದರಲ್ಲಿರಲಿ. ಬಿಸಿಲಿನಲ್ಲಿ ಕಾದು ರಾತ್ರಿ ತಣಿಯುವ ಜಾಗದಲ್ಲಿಟ್ಟರೆ ಒಳಗಿನ ಒತ್ತಿದ ಮದ್ದು ಬಿರುಕು ಬಿಡುತ್ತದೆ, ಬಿರುಕು ಬಿಟ್ಟದ್ದು ಹಚ್ಚಿದ ಕೂಡಲೇ ಒಡೆಯುತ್ತದೆ. ತಗಡಿನ ಮಾಡಿನ ಕೊಠಡಿಯಿರುವ ಶಾಲೆಗಳು ಇದನ್ನು ಮೊದಲೇ ತಿಳಿದಿರಬೇಕು. ತರಬೇತಿಗೆ ಮಹಿಳಾ ಶಿಕ್ಷಕರನ್ನೂ, ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳವರನ್ನೂ ಕರೆಯಿರಿ.

13. ಅಂಕ ಬೇಡ, ಲೆಕ್ಕ ಬೇಕು.

ಎತ್ತರ ಅಳೆಯುವುದಕ್ಕೆ ಕೋನಮಾಪಕ, ದಾರ, ಒಂದು ಕಲ್ಲು ಸಾಕು. ಉಡಾವಣೆಯ ಜಾಗದಿಂದ 100 ಮೀಟರ್ ದೂರ ನಿಂತವರಿಗೆ ರಾಕೆಟ್ 60 ಡಿಗ್ರಿ ಮೇಲೆ ಕಂಡರೆ ಎತ್ತರ 173 ಮೀಟರ್. ಹತ್ತನೇ ತರಗತಿಯ ತ್ರಿಕೋನಮಿತಿಯ ಅನ್ವಯಗಳ ಪಾಠ ಇದೇ ತಾನೆ! ಒಂದು ಹಂತದಲ್ಲಿ ಎಷ್ಟು, ಅದೇ ರಾಕೆಟ್ಟಿಗೆ ಬೂಸ್ಟರ್ ಸೇರಿಸಿದಾಗ ಎಷ್ಟು ಎಂದು ಮಕ್ಕಳೇ ಅಳೆದು ಬರೆದಿಡಲಿ. ದುಪ್ಪಟ್ಟು ಮೋಟಾರಿಗೆ ದುಪ್ಪಟ್ಟು ಎತ್ತರ ಬರಲೇಬೇಕೆಂದಿಲ್ಲ, ಅದಕ್ಕೆ ಕಾರಣವನ್ನು ಅವರೇ ಹುಡುಕಲಿ. ಆದರೆ ಇದನ್ನು ಆಂತರಿಕ ಮೌಲ್ಯಮಾಪನಕ್ಕೆ ಸೇರಿಸಿ ಅಂಕ ಕೊಟ್ಟರೆ ಮೂರನೇ ವಾರಕ್ಕೆ ಪೇಟೆಯಲ್ಲಿ ಸಿದ್ಧ ರಾಕೆಟ್ ಮಾರಾಟಕ್ಕೆ ಬರುತ್ತದೆ.

14. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯದಲ್ಲಿರುವ ನಗರದ ರಾಕೆಟ್ಟುಗಳನ್ನು ನೋಡಲು ಪ್ರತಿ ತಂಡಕ್ಕೂ ಒಂದು ದಿನದ ಬಸ್ ವ್ಯವಸ್ಥೆ ಮಾಡಿಕೊಡಿ.

15. ವೇದಿಕೆ, ಹಾರ, ಉದ್ಘಾಟನೆ ಬೇಡ.

ಬೆಳಗ್ಗೆ ಏಳಕ್ಕೆ ಗಾಳಿ ನಿಂತಿರುತ್ತದೆ. ಗಣ್ಯರು ಬರುವುದು ಹನ್ನೊಂದಕ್ಕೆ, ಅಷ್ಟರಲ್ಲಿ ಗಾಳಿ ಎದ್ದಿರುತ್ತದೆ. ಅವರನ್ನು ಬರಿಗೈಲಿ ಕಳಿಸಲಾಗದೆ ಗಾಳಿಯಲ್ಲೇ ಹಾರಿಸುವ ಒತ್ತಡ ಮೇಷ್ಟ್ರ ಮೇಲೆ ಬೀಳುತ್ತದೆ. ಬರುವ ಇಷ್ಟವಿದ್ದವರು ಆರೂವರೆಗೆ ಬಂದು ಪೋಷಕರ ಸಾಲಿನಲ್ಲಿ ನಿಲ್ಲಲಿ. ಗುಂಡಿ ಒತ್ತುವುದು ರಾಕೆಟ್ ಕಟ್ಟಿದ ಮಗುವೇ.

16. ಉತ್ತರ ಬರವಣಿಗೆಯಲ್ಲಿ ಬರಲಿ.

ಒಪ್ಪಿದ ಒತ್ತಾಯ ಯಾವುದು, ಒಪ್ಪದ್ದು ಯಾವುದು ಎಂದು ಸಂಖ್ಯೆ ಹಾಕಿ ತಿಳಿಸಿ. ಆಗದು ಎಂದಾದರೆ ಯಾವ ಕಾಯ್ದೆಯ ಯಾವ ಕಲಮಿನಂತೆ ಆಗದು ಎಂದೂ ಬರೆಯಿರಿ, ಅದನ್ನು ಹಿಡಿದು ನಾವು ಮುಂದಿನ ಕಚೇರಿಗೆ ಹೋಗುತ್ತೇವೆ. ಪರೀಕ್ಷೆಯಾದ ಮೋಟಾರು ಮತ್ತು ಬರಹದ ಅನುಮತಿ ಎರಡೂ ಕೈಗೆ ಬರುವವರೆಗೆ ನಮ್ಮ ಯಾವ ಶಾಲೆಯಲ್ಲೂ ಮದ್ದಿನ ರಾಕೆಟ್ ಹಾರುವುದಿಲ್ಲ. ನೀರಿನ ರಾಕೆಟ್ಟಿಗೆ ಮುಖ್ಯೋಪಾಧ್ಯಾಯರ ಒಪ್ಪಿಗೆ ಸಾಕು. ಅದನ್ನು ಈ ದಸರಾ ರಜೆ ಮುಗಿದ ವಾರದಿಂದಲೇ ಶುರುಮಾಡುತ್ತೇವೆ. ಪಂಪುಗಳಿಗೆ ಒತ್ತಡಮಾಪಕ ಕೂರಿಸಿಕೊಡಲು ಎರಡೂ ಊರಿನ ಸೈಕಲ್ ಅಂಗಡಿಯವರು ಒಪ್ಪಿದ್ದಾರೆ.

ಲಗತ್ತು: ಎರಡು ಹಂತದ ರಾಕೆಟ್ಟಿನ ತಪಾಸಣಾ ಪಟ್ಟಿ, ಪೋಷಕರ ಒಪ್ಪಿಗೆ ಪತ್ರದ ನಮೂನೆ, ಬಯಲಿನ ಕೈನಕ್ಷೆ.